ಅಂಚೆಯ ಕಾಲುವೆಗೂ ಒಂದು ತೂಬಿರಲಿ

ಜ್ಞಾನವನ್ನು ಸಂಪಾದಿಸುವುದು ಎಷ್ಟು ಕಷ್ಟವೋ, ಅದನ್ನು ಬೇಕಾದವರಿಗೆ ಬೇಕಾದ ಹೊತ್ತಿನಲ್ಲಿ ಮುಟ್ಟಿಸುವುದೂ ಅಷ್ಟೇ ಕಷ್ಟ. ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯಲ್ಲಿ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಸಂಶೋಧನಾ ಕೇಂದ್ರವೊಂದಿದೆ. ಸುತ್ತಣದು ಭದ್ರೆಯ ನೀರನ್ನುಂಡು ಬತ್ತವನ್ನೂ ಅಡಕೆಯನ್ನೂ ಬೆಳೆಯುವ ಸೀಮೆ. ಬತ್ತಕ್ಕೆ ಕಂದು ಜಿಗಿಹುಳು ಬಿದ್ದೀತೆಂಬ ಎಚ್ಚರಿಕೆಯಾಗಲಿ, ಕೊಳೆರೋಗ ತಡೆಯಲು ಮಳೆ ಬಲಿಯುವ ಮುನ್ನವೇ ಅಡಕೆ ಗೊನೆಗಳಿಗೆ ಶೇಕಡಾ 1ರ ಬೋರ್ಡೋ ದ್ರಾವಣವನ್ನು ಸಿಂಪಡಿಸಬೇಕೆಂಬ ಸಲಹೆಯಾಗಲಿ, ತಡವಾಗಿ ಬಂದರೆ ಅದರಿಂದ ಪ್ರಯೋಜನವಿಲ್ಲ. ಆದಕಾರಣ ಇಂಥ ಕೇಂದ್ರಗಳೂ ಸಹಕಾರ ಸಂಘಗಳೂ ಕಾಲೇಜುಗಳ ವಿಜ್ಞಾನ ಸಂಘಗಳೂ ತಮ್ಮದೇ ಆದ ಮಿಂಚಂಚೆಯ ಸುದ್ದಿಪತ್ರವನ್ನು ಇಟ್ಟುಕೊಳ್ಳಬೇಕು. ಅದನ್ನು ಕಳುಹಿಸುವ ಘಟಕವನ್ನು ನಮ್ಮ ವಿದ್ಯಾರ್ಥಿಗಳೇ ರಚಿಸಬೇಕು ಎಂಬುದು ನಮ್ಮ ಅಭಿಪ್ರಾಯ.

ಇಲ್ಲೊಂದು ಆಕ್ಷೇಪವು ಸಹಜವಾಗಿ ಏಳುತ್ತದೆ. ಎಲ್ಲರ ಕೈಯಲ್ಲೂ ಮೊಬೈಲು ಇರುವಾಗ, ವಾಟ್ಸ್‌ಆ್ಯಪ್ ಗುಂಪುಗಳು ಇರುವಾಗ, ಮಿಂಚಂಚೆಯೇಕೆ? ಗುಂಪು ಶೀಘ್ರವಾದುದು ನಿಜ. ಆದರೆ ಅಲ್ಲಿ ಮುಂಜಾನೆಯ ಶುಭಾಶಯಗಳ ನಡುವೆ ರೋಗದ ಎಚ್ಚರಿಕೆ ಹೂತುಹೋಗುತ್ತದೆ; ಸದಸ್ಯರ ದೂರವಾಣಿ ಸಂಖ್ಯೆ ಪರಸ್ಪರ ಕಾಣುತ್ತದೆ; ಇಡೀ ವ್ಯವಸ್ಥೆ ಒಂದೇ ಸಂಸ್ಥೆಯ ಇಚ್ಛೆಯನ್ನು ಅವಲಂಬಿಸಿದೆ. ಮಿಂಚಂಚೆಯಾದರೋ ಯಾರೊಬ್ಬರ ಸ್ವತ್ತೂ ಅಲ್ಲ. 1971ರಲ್ಲಿ ರೇ ಟಾಮ್ಲಿನ್‌ಸನ್ ಎಂಬ ಎಂಜಿನಿಯರು ಒಂದು ಗಣಕದಿಂದ ಇನ್ನೊಂದಕ್ಕೆ ಪತ್ರ ಕಳುಹಿಸಿ ತೋರಿಸಿದರು. 1982ರಲ್ಲಿ ಎಸ್‌ಎಂಟಿಪಿ ಎಂಬ ರವಾನೆಯ ನಿಯಮಾವಳಿ ಪ್ರಕಟವಾಯಿತು. ಆ ನಿಯಮಗಳನ್ನು ಪಾಲಿಸುವ ಯಾವ ಯಂತ್ರವೂ ಈ ಅಂಚೆಯಲ್ಲಿ ಪಾಲುಗೊಳ್ಳಬಹುದು. ಮನೆಯ ರೈತರು ಓದದಿದ್ದರೇನು? ಕಾಲೇಜಿಗೆ ಹೋಗುವ ಮಗಳೋ ಮಗನೋ ಓದಿ ಹೇಳಬಹುದಲ್ಲವೆ!

ಇದಕ್ಕೆ ಬೇಕಾದ ಸಲಕರಣೆಯೂ ದುಬಾರಿಯದಲ್ಲ. 1995ರಲ್ಲಿ ರಾಸ್ಮಸ್ ಲೆರ್ಡಾರ್ಫ್ ಅವರು ಬಿಡುಗಡೆ ಮಾಡಿದ ಪಿಎಚ್‌ಪಿ ಎಂಬ ಗಣಕಭಾಷೆ ಉಚಿತವಾಗಿ ದೊರೆಯುತ್ತದೆ. ಕನ್ನಡ ವಿಕಿಪೀಡಿಯವನ್ನು ನಡೆಸುವ ತಂತ್ರಾಂಶವೂ ಈ ಭಾಷೆಯಲ್ಲಿಯೇ ಇದೆ. ವಿಳಾಸಗಳನ್ನಿಡಲು ಒಂದು ಕೋಷ್ಟಕ, ಪತ್ರಗಳನ್ನಿಡಲು ಇನ್ನೊಂದು, ಕಳುಹಿಸಲು ಒಂದು ಕ್ರಮವಿಧಿ: ನೋಡುವುದಕ್ಕೆ ಇಷ್ಟೇ. ಹೊಸಬರು ಮಾಡುವುದೂ ಇಷ್ಟನ್ನೇ: ಗುಂಡಿಯೊತ್ತಿದೊಡನೆ ಪಟ್ಟಿಯ ಮೊದಲ ಹೆಸರಿನಿಂದ ಕೊನೆಯ ಹೆಸರಿನವರೆಗೆ ಒಂದೇ ಓಟದಲ್ಲಿ ಪತ್ರ ಹಂಚುತ್ತಾರೆ.

ಪಟ್ಟಿಯಲ್ಲಿ 2,000 ಹೆಸರುಗಳಿವೆಯೆಂದೂ ಒಂದು ಪತ್ರಕ್ಕೆ ಅರ್ಧ ಸೆಕೆಂಡು ಹಿಡಿಯುತ್ತದೆಯೆಂದೂ ಭಾವಿಸೋಣ. ಒಟ್ಟು ಬೇಕಾದ ಕಾಲ 1,000 ಸೆಕೆಂಡು, ಎಂದರೆ ಸುಮಾರು 17 ನಿಮಿಷ. ಆದರೆ ಒಂದು ಪುಟವನ್ನು ಸಿದ್ಧಪಡಿಸಲು ಜಾಲತಾಣದ ಯಂತ್ರವು ಸಾಮಾನ್ಯವಾಗಿ 30 ಅಥವಾ 60 ಸೆಕೆಂಡಿಗಿಂತ ಹೆಚ್ಚು ಕಾಯುವುದಿಲ್ಲ. 60 ಸೆಕೆಂಡಿನಲ್ಲಿ 120 ಪತ್ರಗಳು ಹೋಗಿ ಕೆಲಸ ನಿಲ್ಲುತ್ತದೆ. ಮತ್ತೆ ಗುಂಡಿಯೊತ್ತಿದರೆ ಮೊದಲ 120 ಮಂದಿಗೇ ಎರಡನೆಯ ಪ್ರತಿ! ಕಾಲುವೆಯ ಮೇಲ್ಭಾಗದವರ ಗದ್ದೆ ತುಂಬಿ ಹರಿಯುವಾಗ ಕೊನೆಯಂಚಿನವರ ಗದ್ದೆ ಬಿರುಕುಬಿಡುವ ಸಂಕಟ ಭದ್ರಾ ಅಚ್ಚುಕಟ್ಟಿನವರಿಗೆ ಹೊಸದಲ್ಲ. ಅಲ್ಲಿ ಸರದಿಯ ಪ್ರಕಾರ ನೀರು ಬಿಡುವಂತೆ ಇಲ್ಲಿಯೂ ಸರದಿಯೇ ಪರಿಹಾರ. ಪ್ರತಿಯೊಬ್ಬ ಚಂದಾದಾರರ ಹೆಸರಿನ ಮುಂದೆ ‘ಬಾಕಿ’, ‘ಹೋಯಿತು’, ‘ವಿಫಲ’ ಎಂಬ ಸ್ಥಿತಿಯನ್ನು ಬರೆದಿಡಬೇಕು. ಗಡಿಯಾರಕ್ಕೆ ಕಟ್ಟಿದ ಇನ್ನೊಂದು ಕ್ರಮವಿಧಿ ನಿಮಿಷಕ್ಕೊಮ್ಮೆ ಎದ್ದು, ಬಾಕಿಯವರಲ್ಲಿ 50 ಮಂದಿಗೆ ಕಳುಹಿಸಿ, ಗುರುತು ಹಾಕಿ ಮಲಗಬೇಕು. 40 ನಿಮಿಷಗಳಲ್ಲಿ 2,000 ಪತ್ರಗಳೂ ಹೊರಡುತ್ತವೆ. ನಡುವೆ ವಿದ್ಯುತ್ತು ಹೋದರೂ ನಿಂತಲ್ಲಿಂದಲೇ ಕೆಲಸ ಮುಂದುವರಿಯುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಪಿಎಚ್‌ಪಿಯಲ್ಲಿ ಪತ್ರ ಕಳುಹಿಸುವ ಆಜ್ಞೆಯು ‘ಸರಿ’ ಎಂದು ಉತ್ತರಿಸಿದರೆ ಪತ್ರ ತಲಪಿತೆಂದು ಅರ್ಥವಲ್ಲ. ರವಾನೆಗೆ ಅಂಗೀಕೃತವಾಯಿತೆಂದಷ್ಟೇ ಅರ್ಥ. ಡಬ್ಬಿಗೆ ಹಾಕಿದ ಕಾಗದಕ್ಕೂ ಕೈಸೇರಿದ ಕಾಗದಕ್ಕೂ ಇರುವ ಅಂತರವನ್ನು ವಿಜ್ಞಾನದ ವಿದ್ಯಾರ್ಥಿ ಮರೆಯಲಾಗದು. ಹಿಂದಿರುಗಿ ಬಂದ ಪತ್ರಗಳನ್ನು ಲೆಕ್ಕವಿಟ್ಟು, ಸತ್ತ ವಿಳಾಸಗಳನ್ನು ತೆಗೆದುಹಾಕಬೇಕು.

ಕನ್ನಡವು ತನ್ನದೇ ಆದ ಪಾಠವನ್ನು ಕಲಿಸುತ್ತದೆ. ಆದಿಯಲ್ಲಿ ಮಿಂಚಂಚೆಯು ಇಂಗ್ಲಿಷಿಗೆ ಸಾಕಾದ 128 ಸಂಕೇತಗಳನ್ನು ಮಾತ್ರ ಬಲ್ಲದಾಗಿತ್ತು. ‘ಕತ್ತಲಗೆರೆ’ ಎಂಬ ಪದದಲ್ಲಿ ಯೂನಿಕೋಡಿನ 9 ಸಂಕೇತಗಳಿವೆ. ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೆ 3 ಬೈಟುಗಳಂತೆ 27 ಬೈಟುಗಳಾಗುತ್ತವೆ. ಪತ್ರದ ಶೀರ್ಷಿಕೆಯಲ್ಲಿ ಅವನ್ನು ಹಳೆಯ ಯಂತ್ರಗಳೂ ಸಾಗಿಸಬಲ್ಲ 36 ಅಕ್ಷರಗಳ ವೇಷದಲ್ಲಿ ಕಳುಹಿಸಿದರೆ, ಓದುಗರ ಗಣಕವು ವೇಷ ಕಳಚಿ ಕನ್ನಡವನ್ನು ತೋರಿಸುತ್ತದೆ. ಈ ಏರ್ಪಾಡನ್ನು ಮರೆತ ಘಟಕವು ನಮ್ಮ ನುಡಿಯ ಬದಲು ಪ್ರಶ್ನಾರ್ಥಕ ಚಿಹ್ನೆಗಳ ಸಾಲನ್ನು ಕಳುಹಿಸೀತು.

ಇವೆಲ್ಲ ತಂತ್ರದ ಮಾತಾಯಿತು. ನಾವು ಮುಖ್ಯವಾಗಿ ಹೇಳಬೇಕೆಂದಿರುವುದು ನೀತಿಯ ಮಾತು. 1978ರಲ್ಲಿ ಗಣಕ ಮಾರುವ ಅಮೆರಿಕದ ವ್ಯಾಪಾರಿಯೊಬ್ಬರು ಸುಮಾರು 400 ಮಂದಿಗೆ ಕೇಳದೆಯೇ ಜಾಹೀರಾತು ಪತ್ರವನ್ನು ಕಳುಹಿಸಿ ಅನೇಕರ ಸಿಟ್ಟಿಗೆ ಗುರಿಯಾದರು. ಆ ಬೀಜದಿಂದ ಬೆಳೆದ ಕಳೆಯನ್ನು ಇಂದಿಗೂ ಕೀಳಲಾಗಿಲ್ಲ. ಉದ್ದೇಶ ಒಳ್ಳೆಯದಾದ ಮಾತ್ರಕ್ಕೆ ಅನುಮತಿ ಬೇಡವೆನ್ನುವುದು ಸರಿಯಲ್ಲ. ವಿಜ್ಞಾನದ ಹೆಸರಿನಲ್ಲಿ ಬಂದರೂ ಕೇಳದೆ ಬಂದ ಪತ್ರ ಕಳೆಯೇ ಸರಿ.

ಆದುದರಿಂದ ವಿಳಾಸ ಬರೆದುಕೊಟ್ಟರೆ ಸಾಲದು. ಆ ವಿಳಾಸಕ್ಕೆ ಒಂದು ಪತ್ರ ಹೋಗಿ, ಅದರಲ್ಲಿನ ಕೊಂಡಿಯನ್ನು ಒತ್ತಿ ‘ಹೌದು, ನನಗೆ ಬೇಕು’ ಎಂದ ಮೇಲೆಯೇ ಹೆಸರು ಪಟ್ಟಿಗೆ ಸೇರಬೇಕು. ಇಲ್ಲವಾದರೆ ಒಬ್ಬರ ವಿಳಾಸವನ್ನು ಇನ್ನೊಬ್ಬರು ತಮಾಷೆಗೆ ಸೇರಿಸಿಯಾರು. ಹಾಗೆಯೇ ಪ್ರತಿಯೊಂದು ಪತ್ರದ ಅಡಿಯಲ್ಲೂ ಬಿಡುಗಡೆಯ ಕೊಂಡಿ ಇರಬೇಕು. ಆ ಕೊಂಡಿಯಲ್ಲಿ ಬರಿಯ ಕ್ರಮಸಂಖ್ಯೆಯನ್ನಿಟ್ಟರೆ 41ನೆಯವರು 42 ಎಂದು ಬರೆದು ಮುಂದಿನವರ ಹೆಸರನ್ನು ಅಳಿಸಿಯಾರು. ಊಹೆಗೆ ನಿಲುಕದ 16 ಬೈಟುಗಳ ಯಾದೃಚ್ಛಿಕ ಸಂಕೇತವನ್ನಿಡುವುದು ಕ್ಷೇಮ. 2023ರ ನಮ್ಮ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವೂ ಸಮ್ಮತಿ ಕೊಡುವುದು ಎಷ್ಟು ಸುಲಭವೋ ಹಿಂತೆಗೆದುಕೊಳ್ಳುವುದೂ ಅಷ್ಟೇ ಸುಲಭವಾಗಿರಬೇಕೆಂದು ವಿಧಿಸುತ್ತದೆ. 18 ವರ್ಷ ತುಂಬದವರ ವಿಷಯದಲ್ಲಿ ತಂದೆತಾಯಿಗಳ ಸಮ್ಮತಿಯನ್ನು ಕೇಳುತ್ತದೆ. ಪ್ರೌಢಶಾಲೆಯ ವಿಜ್ಞಾನ ಸಂಘಗಳು ಇದನ್ನು ಗಮನದಲ್ಲಿಡಬೇಕು.

ಬಿಡುಗಡೆಯ ದಾರಿಯನ್ನು ತೆರೆದಿಟ್ಟರೆ ಓದುಗರು ಓಡಿಹೋಗುತ್ತಾರೆಂಬ ಭಯ ನಿರಾಧಾರವಾದುದು. ತೂಬಿಲ್ಲದ ಕೆರೆಯ ನೀರು ಒಂದು ದಿನ ಏರಿಯನ್ನೇ ಒಡೆಯುತ್ತದೆ. ಹೊರಬರುವ ದಾರಿ ಕಾಣದ ಓದುಗರು ನಮ್ಮ ಪತ್ರವನ್ನು ‘ಕಸ’ವೆಂದು ಗುರುತುಮಾಡುತ್ತಾರೆ, ಅಂಥ ಗುರುತುಗಳು ಹೆಚ್ಚಿದರೆ ಅಂಚೆಯ ಯಂತ್ರಗಳು ನಮ್ಮ ಪತ್ರಗಳನ್ನೆಲ್ಲ ಕಸದ ಬುಟ್ಟಿಗೆ ತಳ್ಳುತ್ತವೆ. ಆಗ ಬೇಕೆಂದವರಿಗೂ ರೋಗದ ಎಚ್ಚರಿಕೆ ಮುಟ್ಟುವುದಿಲ್ಲ. ಬೇಡವೆಂದವರನ್ನು ಹಿಡಿದಿಟ್ಟ ತಪ್ಪಿಗೆ ದಂಡ ತೆರುವವರು ಬೇಕೆಂದವರು!

ವಿದ್ಯಾರ್ಥಿ ಮಿತ್ರರು ಈ ಘಟಕವನ್ನು ಒಂದು ಬೇಸಗೆಯ ರಜೆಯಲ್ಲಿ ರಚಿಸಬಲ್ಲರು. ಮೊದಲು ತಮ್ಮ ತರಗತಿಯ 20 ಮಂದಿಯ ಒಪ್ಪಿಗೆ ಪಡೆದು ಅವರಿಗೆ ಕಳುಹಿಸಿ ನೋಡಲಿ. ಹೊರಹೋಗುವ ಕೊಂಡಿಯನ್ನು ಎಲ್ಲಕ್ಕಿಂತ ಮೊದಲು ತಾವೇ ಒತ್ತಿ ಪರೀಕ್ಷಿಸಲಿ. ಅದು ಕೆಲಸ ಮಾಡಿತೆಂದಾದ ಮೇಲೆ ಊರಿನ ಸಂಘದ ಬಾಗಿಲನ್ನು ತಟ್ಟಲಿ.