ಮಳೆನಾಡಿಗೆ ಬಂದ ಬಿಸಿಲುನಾಡಿನ ಓತಿ

ಬೆಂಗಳೂರಿನ ರೂಮಿನಲ್ಲಿ ಬಿಯರ್ಡೆಡ್ ಡ್ರಾಗನ್ ಸಾಕಿಕೊಂಡು, ವರ್ಕ್ ಫ್ರಮ್ ಹೋಮ್ ಸಿಕ್ಕಿದ್ದೇ ಅದರ ಗಾಜಿನ ಪೆಟ್ಟಿಗೆ ಸಮೇತ ಊರಿಗೆ ಬಂದವರು ನನಗೆ ಗೊತ್ತಿರುವ ಹಾಗೆ ಮೂವರಿದ್ದಾರೆ. ಸಾಗರದಲ್ಲೊಬ್ಬರು, ತೀರ್ಥಹಳ್ಳಿಯಲ್ಲೊಬ್ಬರು, ಹೊಸನಗರದಲ್ಲಿ ನನ್ನ ಚಿಕ್ಕಮ್ಮನ ಮಗ. ಮೂರೂ ಮನೆಯಲ್ಲಿ ಹಿರಿಯರು ಕೇಳಿದ್ದು ಒಂದೇ: “ಬೇಲಿ ಮೇಲೆ ಇಷ್ಟೊಂದು ಓತಿಕ್ಯಾತ ಇದಾವಲ್ಲ ಮಾರಾಯ, ದುಡ್ಡು ಕೊಟ್ಟು ಇದನ್ಯಾಕೆ ತಂದೆ?”

ಪ್ರಶ್ನೆ ತಮಾಷೆಯದಲ್ಲ. ಬೇಲಿ ಮೇಲಿನ ಓತಿಕ್ಯಾತ, ತೇಜಸ್ವಿಯವರ ‘ಕರ್ವಾಲೊ’ ಓದಿದವರಿಗೆ ಪರಿಚಯವಿರುವ ಹಾರುವ ಓತಿ, ಆಸ್ಟ್ರೇಲಿಯಾದ ಈ ಗಡ್ಡದ ಓತಿ, ಎಲ್ಲ ಒಂದೇ ಕುಟುಂಬದವು. ವ್ಯತ್ಯಾಸ ಇರೋದು ಬಿಸಿಲಿನಲ್ಲಿ. ಇದು ಒಣ ಒಳನಾಡಿನ ಪ್ರಾಣಿ. ಬಿಸಿಲಿನ ಯುವಿ-ಬಿ ಕಿರಣ ಚರ್ಮಕ್ಕೆ ಬಿದ್ದರೆ ಮಾತ್ರ ಅದರ ಮೈಯಲ್ಲಿ ಸಾಕಷ್ಟು ಡಿ ವಿಟಮಿನ್ ತಯಾರಾಗುತ್ತೆ. ಅದಿಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತದೆ ಮೂಳೆ ಮೆತ್ತಗಾಗುತ್ತೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ. ಜೂನ್‌ ಹಿಡಿದರೆ ವಾರಗಟ್ಟಲೆ ಸೂರ್ಯನ ಮುಖ ಕಾಣಲ್ಲ. ಕಂಡ ದಿನವೂ ಪೆಟ್ಟಿಗೆಯನ್ನು ಕಿಟಕಿ ಪಕ್ಕ ಇಟ್ಟು ಪ್ರಯೋಜನವಿಲ್ಲ, ಕಿಟಕಿಯ ಗಾಜು ಯುವಿ-ಬಿಯನ್ನು ಬಹುಪಾಲು ತಡೆದುಬಿಡುತ್ತೆ. ಹಾಗಾಗಿ ದೀಪ ಬೇಕೇ ಬೇಕು.

ಎಡವಟ್ಟಾಗೋದು ಆ ದೀಪ ಕೊಳ್ಳುವಾಗ. ಆಷಾಢದಲ್ಲಿ ಚಿಕ್ಕಮ್ಮನ ಮಗನ ಹಳೆ ದೀಪ ಕೆಟ್ಟಿತು. ಆನ್‌ಲೈನ್‌ನಲ್ಲಿ ‘ಯುವಿ ಲ್ಯಾಂಪ್’ ಅಂತ ಹುಡುಕಿ ಅಗ್ಗದ್ದೊಂದನ್ನು ತರಿಸಿದ. ಹಾಕಿದ ಮಾರನೇ ದಿನವೇ ಓತಿಯ ಎರಡೂ ಕಣ್ಣು ಊದಿ ಮುಚ್ಚಿಕೊಂಡಿದ್ದವು. ಹುಳ ಎದುರಿಗೆ ಹಿಡಿದರೂ ಬಾಯಿ ಹಾಕಲಿಲ್ಲ. ಪಕ್ಕದಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತಿದ್ದ ಇವನ ಕಣ್ಣೂ ಮರಳು ಹೊಕ್ಕ ಹಾಗೆ ಉರಿ. ಸ್ಕ್ರೀನ್ ನೋಡಿ ನೋಡಿ ಹೀಗಾಗಿದೆ ಅಂದುಕೊಂಡಿದ್ದ. ಶಿವಮೊಗ್ಗದಲ್ಲಿ ಪಶುವೈದ್ಯರು ಮೊದಲು ಕೇಳಿದ್ದು ಆಹಾರದ ಬಗ್ಗೆ ಅಲ್ಲ, ದೀಪದ ಬಗ್ಗೆ. ಅದು ರೋಗಾಣು ಕೊಲ್ಲುವ ಯುವಿ-ಸಿ ದೀಪ! ನೀರಿನ ಫಿಲ್ಟರ್ ಒಳಗೆ ಮುಚ್ಚಿಡುತ್ತಾರಲ್ಲ, ಆ ಜಾತಿಯದು.

ಯುವಿ ಅನ್ನೋದು ಮೂರು ಬೇರೆ ಬೇರೆ ಕಿರಣಕ್ಕೆ ಇರುವ ಒಂದೇ ಮನೆತನದ ಹೆಸರು. ಉಗುರಿನ ಜೆಲ್ ಒಣಗಿಸುವ ದೀಪ ಯುವಿ-ಎ. ಅದರಿಂದ ವಿಟಮಿನ್ ಹುಟ್ಟಲ್ಲ. ಓತಿಗೆ ಬೇಕಾದ ಯುವಿ-ಬಿ 280ರಿಂದ 315 ನ್ಯಾನೋಮೀಟರ್ ಒಳಗಿನದು. ಯುವಿ-ಸಿ ಅದಕ್ಕಿಂತ ಕೆಳಗೆ, ರೋಗಾಣು ಕೊಲ್ಲುವ ಸಾಮಾನ್ಯ ದೀಪದ್ದು 254. ಸೂರ್ಯನ ಯುವಿ-ಸಿಯನ್ನು ವಾತಾವರಣವೇ ತಡೆಯುವುದರಿಂದ ಅದು ನೆಲಕ್ಕೆ ಬರುವುದಿಲ್ಲ. ಅಂಥದ್ದು ಎದುರಿಗೇ ಉರಿದರೆ ಕಣ್ಣಿನ ಮೇಲ್ಪದರ ಸುಡುತ್ತೆ. ವೆಲ್ಡಿಂಗ್ ಬೆಳಕನ್ನು ಬರಿಗಣ್ಣಲ್ಲಿ ನೋಡಿದವರಿಗೆ ರಾತ್ರಿ ಕಣ್ಣುರಿ ಶುರುವಾಗುತ್ತಲ್ಲ, ಹಾಗೆಯೇ. ಕೆಲವು ಗಂಟೆ ತಡವಾಗಿ ತಿಳಿಯೋದರಿಂದ ದೀಪದ ಮೇಲೆ ಅನುಮಾನ ಬರಲ್ಲ. ದೀಪ ತೆಗೆದು, ವೈದ್ಯರು ಕೊಟ್ಟ ಡ್ರಾಪ್ಸ್ ಹಾಕಿದ ಮೇಲೆ ಓತಿ ನಿಧಾನಕ್ಕೆ ಕಣ್ಣು ಬಿಟ್ಟಿತು.

ಸರೀಸೃಪಗಳಿಗೆಂದೇ ಮಾಡಿದ ದೀಪವಾದರೂ ಎಲ್ಲಿ ಕಟ್ಟುತ್ತೀರಿ ಅನ್ನೋದು ಮುಖ್ಯ. ಈ ಓತಿಗೆ ಕಣ್ಣಿನ ಮೇಲೆ ಮುಂಚಾಚಿದ ಹುಬ್ಬಿನ ಏಣಿದೆ, ನಮ್ಮ ಮನೆಯ ಸೂರಿನ ಹಾಗೆ. ಬೆಳಕು ನೆತ್ತಿಯಿಂದ ಬಂದರೆ ಕಣ್ಣಿಗೆ ನೆರಳು. ಪಕ್ಕದಿಂದ ಬಂದರೆ ಸೂರು ಉಪಯೋಗಕ್ಕೆ ಬರಲ್ಲ. ಹಾಗಾಗಿ ಉದ್ದ ಟ್ಯೂಬನ್ನು ಮೇಲ್ಗಡೆಯೇ, ತಯಾರಕರು ಹೇಳಿದಷ್ಟು ದೂರದಲ್ಲಿ ಕಟ್ಟಿ. ಪೆಟ್ಟಿಗೆಯ ಅರ್ಧ ಭಾಗ ನೆರಳಿರಲಿ, ಬೇಡವೆನಿಸಿದಾಗ ಅದು ತಾನೇ ಸರಿದುಕೊಳ್ಳುತ್ತೆ. ರಾತ್ರಿ ಪೂರ್ತಿ ಕತ್ತಲೆ ಮಾಡಿ. ಕೆಂಪು ಬಲ್ಬೂ ಬೇಡ, ಅದಕ್ಕೆ ಕೆಂಪು ಕಾಣುತ್ತೆ. ಟ್ಯೂಬು ಉರಿಯುತ್ತಿದೆ ಅಂದಮಾತ್ರಕ್ಕೆ ಕಿರಣ ಇದೆ ಅಂತಲ್ಲ, ಆರು ತಿಂಗಳಿಂದ ವರ್ಷದೊಳಗೆ ಬದಲಾಯಿಸಬೇಕು. ಮುಚ್ಚಿದ ಕಣ್ಣಿಗೆಲ್ಲ ದೀಪವೇ ಕಾರಣವಲ್ಲ ಅನ್ನೋದೂ ನಿಜ: ಎ ವಿಟಮಿನ್ ಕೊರತೆ, ಸೋಂಕು, ಮರಳಿನ ಕಣ, ಯಾವುದೂ ಆಗಬಹುದು. ಮನೆಯಲ್ಲಿರುವ ಮನುಷ್ಯರ ಡ್ರಾಪ್ಸ್ ಮಾತ್ರ ಹಾಕಬೇಡಿ.

ಇನ್ನು ಕರೆಂಟು. ಲಿಂಗನಮಕ್ಕಿ ಇರೋದು ಸಾಗರ ತಾಲ್ಲೂಕಲ್ಲೇ ಆದರೂ, ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ನಮಗೆ ಕತ್ತಲೆಯೇ. ಯುವಿ ಟ್ಯೂಬು ಒಂದೆರಡು ದಿನ ಉರಿಯದಿದ್ದರೆ ಏನೂ ಆಗಲ್ಲ, ಇನ್ವರ್ಟರನ್ನು ಬಿಸಿ ಕೊಡುವ ಬಲ್ಬಿಗೆ ಉಳಿಸಿ. ಅದೂ ಆರಿಹೋದರೆ ಆ ದಿನ ಹುಳ ಕೊಡಬೇಡಿ. ಮೈ ಬಿಸಿಯಾಗದೆ ಅದಕ್ಕೆ ತಿಂದದ್ದು ಅರಗಲ್ಲ.