ನೀರು ಬಿಡಲು ಕಲಿಸಿದೆವು, ನಿಲ್ಲಿಸಲು ಕಲಿಸಲಿಲ್ಲ

ಸಕ್ಕರೆ ಕಾರ್ಖಾನೆಯ ಬಾಯ್ಲರ್ ನೋಡಿಕೊಳ್ಳುವವರ ಬಳಿ ಪರೀಕ್ಷೆ ಪಾಸಾಗಿ ಪಡೆದ ಪ್ರಮಾಣಪತ್ರ ಇರಬೇಕು, ಕಾನೂನೇ ಹಾಗಿದೆ. ಸರ್ಕಾರಿ ಬಸ್ಸು ಓಡಿಸಲು ಲೈಸೆನ್ಸ್ ಬೇಕು, ಬ್ಯಾಡ್ಜ್ ಬೇಕು. ಆದರೆ ಇಡೀ ಊರು ಕುಡಿಯುವ ನೀರಿಗೆ ಕ್ಲೋರಿನ್ ಬೆರೆಸುವವರಿಗೆ ಏನು ಬೇಕು? ಪರೀಕ್ಷೆ ಬರೆದು ಲೈಸೆನ್ಸ್ ಪಡೆದವರೇ ಈ ಕೆಲಸ ಮಾಡಬೇಕು ಎನ್ನುವ ಕಾನೂನು ನಮ್ಮ ದೇಶದಲ್ಲಿ ಇಲ್ಲ.

ಹಾಗಾದರೆ ಹೊಸದಾಗಿ ಕೆಲಸಕ್ಕೆ ಸೇರಿದ ನೀರಗಂಟಿಯೋ, ಬಹುಗ್ರಾಮ ಯೋಜನೆಯ ಘಟಕದಲ್ಲಿ ಗುತ್ತಿಗೆದಾರರು ಇಟ್ಟುಕೊಂಡ ಹುಡುಗನೋ ಕೆಲಸ ಕಲಿಯುವುದು ಹೇಗೆ? ಹಳಬರ ಹಿಂದೆ ಸುತ್ತಿ. ಆರು ಗಂಟೆಗೆ ಈ ವಾಲ್ವ್ ತಿರುಗಿಸು, ಎಂಟಕ್ಕೆ ಅದನ್ನು ಮುಚ್ಚಿ ಇದನ್ನು ಬಿಡು, ಕರೆಂಟ್ ಬಂದ ತಕ್ಷಣ ಮೋಟಾರ್ ಹಾಕು, ವಾರಕ್ಕೊಮ್ಮೆ ಟ್ಯಾಂಕಿಗೆ ಇಷ್ಟು ಬ್ಲೀಚಿಂಗ್ ಪೌಡರ್. ಅಲ್ಲಿಗೆ ತರಬೇತಿ ಮುಗಿಯಿತು. ಇದನ್ನು ಪೂರ್ತಿ ತೆಗಳುವಂತಿಲ್ಲ. ಯಾವ ಬೀದಿಗೆ ನೀರು ಏರುವುದಿಲ್ಲ, ಯಾವ ಪೈಪು ಎಲ್ಲಿ ಹೂತಿದೆ ಅನ್ನುವುದು ಬಹಳ ಸಲ ಇಂಜಿನಿಯರ್ ಬಳಿಯ ನಕ್ಷೆಯಲ್ಲೂ ಇರುವುದಿಲ್ಲ, ಹಳೆಯ ನೀರಗಂಟಿಯ ತಲೆಯಲ್ಲಿ ಇರುತ್ತದೆ. ಆದರೆ ಈ ಕಲಿಕೆಯಲ್ಲಿ ಇರುವುದೆಲ್ಲ ನೀರು ಬಿಡುವ ವಿದ್ಯೆ. ಯಾವಾಗ ನೀರು ಬಿಡಬಾರದು ಎನ್ನುವ ಪಾಠ ಅದರಲ್ಲಿಲ್ಲ. ನನ್ನ ಪ್ರಕಾರ ಹೊಸ ಆಪರೇಟರ್‌ಗೆ ಮೊದಲು ಕಲಿಸಬೇಕಾದದ್ದೇ ಅದು.

2022ರ ಬೇಸಿಗೆಯ ಕೊನೆಯಲ್ಲಿ ರಾಯಚೂರು ನಗರದಲ್ಲಿ ನಲ್ಲಿ ನೀರು ಕುಡಿದು ಜನ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು, ಸಾವುಗಳಾದವು, ರಾಂಪುರ ಶುದ್ಧೀಕರಣ ಘಟಕದ ನಿರ್ವಹಣೆಯ ಬಗ್ಗೆ ಪ್ರಶ್ನೆಗಳೆದ್ದವು. ಮರುವರ್ಷ ಆಗಸ್ಟ್ ಹೊತ್ತಿಗೆ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು, ಹಲವರು ತೀರಿಕೊಂಡರು. ಅಲ್ಲಿ ಅಮಾನತಾದವರಲ್ಲಿ ಇಂಜಿನಿಯರ್‌ಗಳ ಜತೆ ವಾಲ್ವ್ ಬಿಡುವ ನೌಕರನೂ ಇದ್ದ. ತಪ್ಪು ಯಾರದು ಎನ್ನುವುದು ತನಿಖೆಯ ವಿಷಯ, ಅದಕ್ಕೆ ಕೈಹಾಕುವುದಿಲ್ಲ. ಆದರೆ ಇಂಥ ಪ್ರತಿ ದುರಂತದ ನಂತರದ ಪಟ್ಟಿಯೊಂದು ನಮಗೆ ಬಾಯಿಪಾಠವಾಗಿದೆ: ಅಮಾನತು, ಪರಿಹಾರ, ಪೈಪ್ ಬದಲಾವಣೆ, ಹೊಸ ಟ್ಯಾಂಕ್. 'ನೀರು ಬಿಡುವವರಿಗೆ ನಾವು ಏನು ಕಲಿಸಿದ್ದೆವು' ಎಂಬ ಪ್ರಶ್ನೆಗೆ ಈ ಪಟ್ಟಿಯಲ್ಲಿ ಜಾಗ ಸಿಗುವುದು ಅಪರೂಪ.

ಕಲಿಸುವುದು ಅಂದರೆ ಏನು ಅಂತ ನೋಡಲು ಒಂದು ಸಣ್ಣ ಲೆಕ್ಕ ಮಾಡೋಣ. ನಾನು ಓದಿದ್ದು ಇಂಜಿನಿಯರಿಂಗ್, ಲೆಕ್ಕ ಬಿಡುವುದಿಲ್ಲ, ಸಹಿಸಿಕೊಳ್ಳಿ. 50,000 ಲೀಟರಿನ ಓವರ್‌ಹೆಡ್ ಟ್ಯಾಂಕ್ ಇದೆ. ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಬೇಕು ಅಂದುಕೊಳ್ಳಿ. ಒಟ್ಟು 100 ಗ್ರಾಂ ಕ್ಲೋರಿನ್. ಹೊಸ ಬ್ಲೀಚಿಂಗ್ ಪೌಡರಿನಲ್ಲಿ ಸುಮಾರು ಶೇ. 33ರಷ್ಟು ಕ್ಲೋರಿನ್ ಇರುತ್ತದೆ, ಹಾಗಾಗಿ 300 ಗ್ರಾಂ ಪುಡಿ ಸಾಕು. ಆದರೆ ಅದೇ ಚೀಲ ಪಂಪ್‌ಹೌಸ್ ಮೂಲೆಯಲ್ಲಿ ಬಾಯಿ ತೆರೆದುಕೊಂಡು ತಿಂಗಳುಗಟ್ಟಲೆ ಬಿದ್ದಿದ್ದರೆ? ಬಿಸಿಗೂ ತೇವಕ್ಕೂ ಕ್ಲೋರಿನ್ ಹಾರಿಹೋಗುತ್ತದೆ. ಶೇ. 15ಕ್ಕೆ ಇಳಿದಿದ್ದರೆ ಈಗ ಬೇಕಾದದ್ದು ಸುಮಾರು 670 ಗ್ರಾಂ. ಹಳಬರು ಹೇಳಿಕೊಟ್ಟ 'ಎರಡು ಬೊಗಸೆ' ಬದಲಾಗಿಲ್ಲ, ನೀರಿಗೆ ಸೇರಿದ ಕ್ಲೋರಿನ್ ಮಾತ್ರ ಅರ್ಧಕ್ಕಿಂತ ಕಡಿಮೆಯಾಗಿದೆ. ಪುಡಿ ಬೆಳ್ಳಗೇ ಇದೆ, ಒಂದಿಷ್ಟು ವಾಸನೆಯೂ ಇದೆ. ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ.

ಗೊತ್ತಾಗುವುದು ಅಳೆದಾಗ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಊರ ಕೊನೆಯ ನಲ್ಲಿಯ ನೀರು ಹಿಡಿದು ಒಂದು ಮಾತ್ರೆ ಹಾಕಿದರೆ ಬಣ್ಣ ಗುಲಾಬಿಗೆ ತಿರುಗುತ್ತದೆ, ಆ ಬಣ್ಣವನ್ನು ಕಿಟ್‌ನ ಪಟ್ಟಿಗೆ ಹೋಲಿಸಿದರೆ ಮುಗಿಯಿತು. ಎರಡು ನಿಮಿಷದ ಕೆಲಸ. ಇದನ್ನು ಯಾರಿಗೆ ಬೇಕಾದರೂ ಒಂದು ಮಧ್ಯಾಹ್ನದಲ್ಲಿ ಕಲಿಸಬಹುದು. ಕಷ್ಟವಿರುವುದು ಮುಂದಿನ ಪ್ರಶ್ನೆಯಲ್ಲಿ: ನಿನ್ನೆ 0.4 ಇದ್ದದ್ದು ಇವತ್ತು ಸೊನ್ನೆಯಾಗಿದೆ, ಹಾಕಿದ ಪುಡಿ ಅಷ್ಟೇ. ಏನರ್ಥ? ಪುಡಿ ಸತ್ವ ಕಳೆದುಕೊಂಡಿರಬಹುದು. ಅಥವಾ ದಾರಿಯಲ್ಲಿ ಏನೋ ಕ್ಲೋರಿನ್ನನ್ನು ತಿನ್ನುತ್ತಿದೆ, ಅಂದರೆ ಎಲ್ಲೋ ಚರಂಡಿ ನೀರು ಒಳಗೆ ಸೇರುತ್ತಿದೆ. ನಮ್ಮ ಊರುಗಳಲ್ಲಿ ಇದು ತೀರಾ ಸಾಧ್ಯ, ಯಾಕೆಂದರೆ ನಾವು 24 ಗಂಟೆ ನೀರು ಬಿಡುವುದಿಲ್ಲ. ಪೈಪು ಖಾಲಿಯಾದಾಗ ಒತ್ತಡ ಇಳಿದು, ಒಡೆದ ಜಾಯಿಂಟ್ ಪಕ್ಕದ ಚರಂಡಿ ನೀರನ್ನು ಒಳಗೆಳೆದುಕೊಳ್ಳುತ್ತದೆ. ಸೊನ್ನೆ ಕಂಡಾಗ ಇನ್ನೊಂದು ಬೊಗಸೆ ಸುರಿಯುವವರಿಗೂ, ವಾಲ್ವ್ ಮುಚ್ಚಿ ಪೈಪ್ ಹುಡುಕಿಕೊಂಡು ಹೋಗುವವರಿಗೂ ಇರುವ ವ್ಯತ್ಯಾಸವೇ ತರಬೇತಿ.

ನದಿ ನೀರಿನ ಘಟಕಗಳಲ್ಲಿ ಕಲಿಯುವುದು ಇನ್ನೂ ಹೆಚ್ಚು. ಮಳೆಗಾಲದಲ್ಲಿ ತುಂಗಭದ್ರೆಯೋ ಕೃಷ್ಣೆಯೋ ಒಂದೇ ರಾತ್ರಿಯಲ್ಲಿ ಕೆಂಪಾಗುತ್ತದೆ, ಬೇಸಿಗೆಯ ಆಲಂ ಪ್ರಮಾಣ ಆಗ ನಡೆಯುವುದಿಲ್ಲ. ಆರು ಬೀಕರಿನಲ್ಲಿ ಅದೇ ನೀರು, ಬೇರೆ ಬೇರೆ ಪ್ರಮಾಣದ ಆಲಂ, ಯಾವುದರಲ್ಲಿ ಕೆಸರು ಚೆನ್ನಾಗಿ ಕೆಳಗೆ ಕೂರುತ್ತದೆ ನೋಡುವ ಜಾರ್ ಟೆಸ್ಟ್ ಕಾಲೇಜಿನಲ್ಲಿ ನಮಗೆ ಲ್ಯಾಬ್ ರೆಕಾರ್ಡ್ ತುಂಬಿಸುವ ವಿಷಯವಾಗಿತ್ತು. ಘಟಕದಲ್ಲಿ ಅದು ಆ ದಿನದ ನಿರ್ಧಾರ. ಕೆಸರು ಹೋಗದಿದ್ದರೆ ಕ್ಲೋರಿನ್ ಹಾಕಿಯೂ ಪ್ರಯೋಜನ ಕಡಿಮೆ, ಮಣ್ಣಿನ ಕಣಗಳ ಮರೆಯಲ್ಲಿ ರೋಗಾಣುಗಳು ಉಳಿದುಕೊಳ್ಳುತ್ತವೆ. ಮರಳಿನ ಫಿಲ್ಟರ್ ಅನ್ನು ಹಿಮ್ಮುಖವಾಗಿ ತೊಳೆದ ಮೇಲೆ ಮೊದಲು ಬರುವ ನೀರನ್ನು ಟ್ಯಾಂಕಿಗೆ ಬಿಡದೆ ಹೊರಗೆ ಚೆಲ್ಲಬೇಕು. ಇನ್ನು ಕ್ಲೋರಿನ್ ಸಿಲಿಂಡರ್ ಇರುವ ಕಡೆ ಆಪರೇಟರ್‌ನ ಪ್ರಾಣದ ಪ್ರಶ್ನೆ. ಆ ಅನಿಲ ಗಾಳಿಗಿಂತ ಎರಡೂವರೆ ಪಟ್ಟು ಭಾರ, ನೆಲದ ಮಟ್ಟದಲ್ಲಿ ಹರಡುತ್ತದೆ. ಸೋರಿದರೆ ಗಾಳಿ ಬರುತ್ತಿರುವ ಕಡೆಗೆ, ಎತ್ತರಕ್ಕೆ ಓಡಬೇಕು. ಸೋರುವ ಸಿಲಿಂಡರಿಗೆ ನೀರು ಸುರಿದರೆ ಆಮ್ಲವಾಗಿ ತೂತು ದೊಡ್ಡದಾಗುತ್ತದೆ. ಬೆಂಕಿ ಅಂದರೆ ನೀರು ಅಂತ ಬೆಳೆದ ನಮಗೆ ಇದು ತಾನಾಗಿ ಹೊಳೆಯುವ ವಿಷಯ ಅಲ್ಲ. ಮೊದಲ ದಿನವೇ ಹೇಳಬೇಕು.

'ಹಾಗಾದರೆ ಎಲ್ಲರಿಗೂ ಒಂದು ಸರ್ಟಿಫಿಕೇಟ್ ಕೊಟ್ಟರಾಯಿತು' ಅನ್ನುವವರು ಕೆನಡಾದ ವಾಕರ್ಟನ್ ಕಥೆ ಕೇಳಬೇಕು. ಒಂಟಾರಿಯೊ ಪ್ರಾಂತ್ಯದ, ಐದು ಸಾವಿರದಷ್ಟೂ ಜನರಿಲ್ಲದ ಊರು. 2000ನೇ ಇಸವಿಯ ಮೇ ತಿಂಗಳಲ್ಲಿ ಜೋರು ಮಳೆಗೆ ದನದ ಗೊಬ್ಬರದ ರೋಗಾಣುಗಳು ಅಲ್ಲಿನ ಆಳವಿಲ್ಲದ ಕೊಳವೆಬಾವಿಗೆ ಸೇರಿದವು. 7 ಜನ ಸತ್ತರು, ಸುಮಾರು 2,300 ಜನ ಕಾಯಿಲೆ ಬಿದ್ದರು. ನೀರು ನೋಡಿಕೊಳ್ಳುತ್ತಿದ್ದ ಸ್ಟ್ಯಾನ್ ಮತ್ತು ಫ್ರ್ಯಾಂಕ್ ಕೋಬೆಲ್ ಎಂಬ ಅಣ್ಣತಮ್ಮಂದಿರ ಬಳಿ ಸರ್ಕಾರದ ಸರ್ಟಿಫಿಕೇಟ್ ಇತ್ತು. ಪರೀಕ್ಷೆ ಬರೆದು ಬಂದದ್ದಲ್ಲ, ಅನುಭವ ಇದೆ ಎಂದು ಕೊಟ್ಟದ್ದು. ಕ್ಲೋರಿನ್ ಅಳೆಯದೆಯೇ ರಿಜಿಸ್ಟರಿನಲ್ಲಿ ಬಹುತೇಕ ದಿನ 0.5 ಅಥವಾ 0.75 ಅಂತ ಬರೆಯುತ್ತಿದ್ದರು. ನೀರು ಕೆಟ್ಟಿದೆ ಎಂದು ಪ್ರಯೋಗಾಲಯದ ವರದಿ ಬಂದ ಮೇಲೂ ಸ್ಟ್ಯಾನ್ ಆರೋಗ್ಯ ಇಲಾಖೆಗೆ ತಿಳಿಸದೆ, ನೀರು ಸರಿಯಾಗಿದೆ ಎಂದೇ ಹೇಳಿದ.

ಇವರು ಖಳನಾಯಕರು ಎಂದು ಮುಗಿಸಿಬಿಡುವುದು ಸುಲಭ. ಆದರೆ ನ್ಯಾಯಮೂರ್ತಿ ಡೆನ್ನಿಸ್ ಓಕಾನರ್ ವಿಚಾರಣೆಯಲ್ಲಿ ಹೊರಬಂದ ಒಂದು ವಿವರ ನನ್ನನ್ನು ಕಾಡುತ್ತದೆ: ಬಾವಿಯ ಹಸಿ ನೀರು ಸುರಕ್ಷಿತ ಎಂದು ಆ ಅಣ್ಣತಮ್ಮಂದಿರೇ ನಂಬಿದ್ದರು, ಕ್ಲೋರಿನ್ ಹಾಕದ ಆ ನೀರನ್ನು ಕುಡಿಯುತ್ತಿದ್ದರು ಕೂಡ. ಮೋಟಾರ್ ಓಡಿಸಲು ಬರುತ್ತಿತ್ತು, ಕ್ಲೋರಿನ್ ಯಾಕೆ ಅನ್ನುವುದು ತಲೆಗೆ ಹೋಗಿರಲಿಲ್ಲ. ಅದರಾಚೆ ಒಂಟಾರಿಯೊ 2002ರಲ್ಲಿ ಸುರಕ್ಷಿತ ಕುಡಿಯುವ ನೀರಿನ ಕಾಯ್ದೆ ತಂದಿತು. ಅನುಭವದ ಮೇಲೆ ಸರ್ಟಿಫಿಕೇಟ್ ಪಡೆದವರೂ ಪರೀಕ್ಷೆಗೆ ಕೂರಬೇಕಾಯಿತು. ಹೊಸಬರು ತರಬೇತಿಯಲ್ಲಿರುವ ಆಪರೇಟರ್ ಎಂದೇ ಶುರುಮಾಡಬೇಕು. ವಾಕರ್ಟನ್‌ನಲ್ಲೇ ಒಂದು ತರಬೇತಿ ಕೇಂದ್ರ ತಲೆಯೆತ್ತಿತು.

ನಮ್ಮಲ್ಲಿ ಏನೂ ಆಗುತ್ತಿಲ್ಲ ಅಂತಲ್ಲ. 2019ರಲ್ಲಿ ಶುರುವಾದ ಜಲಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ಕಿಟ್‌ನಲ್ಲಿ ನೀರು ಪರೀಕ್ಷಿಸಲು ಕಲಿಸುವ ಯೋಜನೆ ಇದೆ, ಒಳ್ಳೆಯದು. ಪ್ಲಂಬರ್, ಮೋಟಾರ್ ಮೆಕ್ಯಾನಿಕ್, ಪಂಪ್ ಆಪರೇಟರ್ ಕೆಲಸಗಳನ್ನು ಒಬ್ಬರಿಗೇ ಕಲಿಸುವ 'ನಲ್ ಜಲ್ ಮಿತ್ರ' ಕೂಡ ಇದೆ. ಆದರೆ ಆ ಹೆಸರುಗಳನ್ನೇ ನೋಡಿ: ಎಲ್ಲವೂ ಕೆಟ್ಟ ಪೈಪು, ಕೆಟ್ಟ ಮೋಟಾರಿನ ರಿಪೇರಿ. ಕೆಟ್ಟ ನೀರಿನದಲ್ಲ. 3.6 ಲಕ್ಷ ಕೋಟಿ ರೂಪಾಯಿ ಅಂದಾಜಿನ ಯೋಜನೆಯ ಪ್ರಗತಿಯನ್ನು ನಾವು ಎಷ್ಟು ಮನೆಗೆ ನಲ್ಲಿ ಹಾಕಿದೆವು ಎನ್ನುವುದರಿಂದ ಅಳೆದೆವು. ನಲ್ಲಿ ಫೋಟೊಗೆ ಸಿಗುತ್ತದೆ, ನೀರಗಂಟಿಯ ತಿಳಿವಳಿಕೆ ಸಿಗುವುದಿಲ್ಲ.

ಇನ್ನು ಅಸಲಿ ಅಡ್ಡಿ. ತರಬೇತಿ ಪಡೆದು ಬಂದ ನೀರಗಂಟಿ ಒಂದು ಬೆಳಗ್ಗೆ ಸೊನ್ನೆ ಕ್ಲೋರಿನ್ ನೋಡಿ ವಾಲ್ವ್ ಮುಚ್ಚಿದ ಅಂದುಕೊಳ್ಳಿ. ಅರ್ಧ ಗಂಟೆಯಲ್ಲಿ ಮೆಂಬರ್ ಫೋನ್ ಬರುತ್ತದೆ, ಒಂದು ಗಂಟೆಯಲ್ಲಿ ಖಾಲಿ ಕೊಡಗಳು ಪಂಚಾಯಿತಿ ಮುಂದೆ ಬರುತ್ತವೆ. 'ನೀರಲ್ಲಿ ಔಷಧಿ ವಾಸನೆ, ಪುಡಿ ಕಡಿಮೆ ಮಾಡಪ್ಪ' ಅನ್ನುವ ಊರಿನಲ್ಲಿ ಇವನ ಬೆನ್ನಿಗೆ ಯಾರಿದ್ದಾರೆ? ಸಂಬಳ ಸಕಾಲಕ್ಕೆ ಬರಲಿ ಎಂದು ಪಂಚಾಯಿತಿ ನೌಕರರು ಧರಣಿ ಕೂರುವ ರಾಜ್ಯದಲ್ಲಿ, ಕೆಲಸದ ಭದ್ರತೆಯಿಲ್ಲದವನು ಊರಿಗೆ ನೀರು ನಿಲ್ಲಿಸುತ್ತಾನಾ? ನಿಲ್ಲಿಸಲ್ಲ. ನಾವಾದರೂ ನಿಲ್ಲಿಸುತ್ತಿರಲಿಲ್ಲ.

ಹಾಗಾಗಿ ತರಬೇತಿಯ ಜತೆಗೇ ಒಂದು ಲಿಖಿತ ಆದೇಶ ಅವನ ಕೈಗೆ ಸಿಗಬೇಕು. ಕೊನೆಯ ನಲ್ಲಿಯಲ್ಲಿ ಕ್ಲೋರಿನ್ 0.2ಕ್ಕಿಂತ ಕೆಳಗಿಳಿದು ಕಾರಣ ಗೊತ್ತಾಗದಿದ್ದರೆ, ನೀರು ಕಣ್ಣಿಗೇ ಕೆಸರಾಗಿ ಕಂಡರೆ, ಆಪರೇಟರ್ ತಾನೇ ವಾಲ್ವ್ ಮುಚ್ಚಿ ಪಿಡಿಒಗೆ ಫೋನ್ ಮಾಡಬಹುದು. ಕುದಿಸಿ ಕುಡಿಯಿರಿ ಎಂದು ಡಂಗುರ ಹಾಕಿಸುವುದು, ಟ್ಯಾಂಕರ್ ತರಿಸುವುದು ಪಂಚಾಯಿತಿಯ ಹೊಣೆ. ಎಚ್ಚರಿಕೆ ಸುಳ್ಳಾದರೂ ಆ ದಿನದ ಬಗ್ಗೆ ಅವನಿಗೆ ನೋಟಿಸ್ ಕೊಡುವಂತಿಲ್ಲ. ಇದಕ್ಕೆ ಹೊಸ ಕಾನೂನಿಗೆ ಕಾಯಬೇಕಿಲ್ಲ, ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆ ಒಂದು ಸುತ್ತೋಲೆಯಲ್ಲೇ ಶುರುಮಾಡಬಹುದು. ಬಹುಗ್ರಾಮ ಯೋಜನೆಗಳಲ್ಲಿ ನಿರ್ವಹಣೆ ಗುತ್ತಿಗೆದಾರರ ಕೈಯಲ್ಲಿರುವುದರಿಂದ, ಪರೀಕ್ಷೆ ಪಾಸಾಗದವರನ್ನು ಪಾಳಿಯಲ್ಲಿ ಒಬ್ಬರನ್ನೇ ಬಿಡಬಾರದು ಎಂಬ ಷರತ್ತು ಟೆಂಡರಿನಲ್ಲೇ ಇರಬೇಕು. ಪರೀಕ್ಷೆ ಕನ್ನಡದಲ್ಲಿರಲಿ, ಅರ್ಧಕ್ಕಿಂತ ಹೆಚ್ಚು ಅಂಕ ಕೈಯಲ್ಲಿ ಮಾಡಿ ತೋರಿಸುವುದಕ್ಕಿರಲಿ.

ಅಲ್ಲಿಯವರೆಗೆ ನೀವು ಮಾಡಬಹುದಾದ ಕೆಲಸವೊಂದಿದೆ. ಮುಂದಿನ ಗ್ರಾಮಸಭೆಯಲ್ಲೋ ವಾರ್ಡ್ ಸಭೆಯಲ್ಲೋ ಕ್ಲೋರಿನ್ ರಿಜಿಸ್ಟರ್ ತೋರಿಸಿ ಅಂತ ಕೇಳಿ. ರಿಜಿಸ್ಟರೇ ಇಲ್ಲ ಅಂದರೆ ಉತ್ತರ ಸಿಕ್ಕಿತು. ಇದ್ದರೆ ಮಳೆಗಾಲದ ಪುಟಗಳನ್ನು ತಿರುವಿ. 0.3, 0.1, 0.6 ಅಂತ ಏರುಪೇರು ಇದ್ದರೆ ಯಾರೋ ದಿನಾ ನಲ್ಲಿ ಬಳಿ ಹೋಗಿ ಅಳೆಯುತ್ತಿದ್ದಾರೆ, ಅವರ ಹೆಸರು ಕೇಳಿಕೊಳ್ಳಿ. ಮೂರು ತಿಂಗಳೂ ಒಂದೇ ಪೆನ್ನಿನಲ್ಲಿ 0.5, 0.5, 0.5 ಅಂತಿದ್ದರೆ ಆ ಪುಟದ ಫೋಟೊ ತೆಗೆದು ಜಿಲ್ಲಾ ಪಂಚಾಯಿತಿ ಸಿಇಒಗೆ ಕಳಿಸಿ.