ಗಾತ್ರ ನೋಡಿ ಕಳೆಯೆನ್ನದಿರಿ

ಕಾಟ್ಲ, ರೋಹು ಮರಿಗಳನ್ನು ಬಿಡುವ ಮುನ್ನ ಕೊಳಕ್ಕೆ ಹಿಪ್ಪೆ ಹಿಂಡಿ ಹಾಕಿ ಒಳಗಿನ ಮೀನುಗಳನ್ನೆಲ್ಲ ಕೊಲ್ಲುವುದು ವಾಡಿಕೆ. ಕೊರವ, ಬಾಳೆ ಮೀನುಗಳು ಮರಿಗಳನ್ನು ನುಂಗುತ್ತವೆ, ಅವುಗಳನ್ನು ತೆಗೆಯಲೇಬೇಕು. ಆದರೆ ಚಿಕ್ಕದಾಗಿ ಕಂಡದ್ದನ್ನೆಲ್ಲ ‘ಕಳೆ ಮೀನು’ ಎಂದು ಅದೇ ಸಾಲಿಗೆ ಸೇರಿಸುವುದು ಸರಿಯಲ್ಲ.

ಮೋಲಾ ಎಂಬ ಮೀನನ್ನೇ ನೋಡಿ. ಬಂಗಾಳದ ಕೊಳಗಳಲ್ಲಿ ಹೆಸರಾದ ಈ ಮೀನು ನಮ್ಮ ಕೆರೆಗಳಲ್ಲಿಯೂ ಇದೆ. ಸಾಮಾನ್ಯವಾಗಿ 5ರಿಂದ 8 ಸೆಂ.ಮೀ. ಉದ್ದ, ಅಂದರೆ ನಿಮ್ಮ ಬೆರಳಿನಷ್ಟು. ಮೈ ಎರಡೂ ಪಕ್ಕಗಳಿಂದ ಚಪ್ಪಟೆ, ಹುರುಪೆಗಳು ಅತಿ ಸಣ್ಣವು, ಪಕ್ಕೆಯುದ್ದಕ್ಕೂ ಬೆಳ್ಳಿಯಂತಹ ಪಟ್ಟಿ. ಬಾಯಿಯ ಬಳಿ ಮೀಸೆಗಳಿಲ್ಲ. ಸುಮಾರು 5 ಸೆಂ.ಮೀ. ಬೆಳೆದಾಗಲೇ ಮೊಟ್ಟೆಗೆ ಬರುತ್ತದೆ; ನಿಂತ ನೀರಿನಲ್ಲಿಯೇ ವರ್ಷಕ್ಕೆ ಹಲವು ಬಾರಿ ಮರಿಯಾಗುವುದರಿಂದ ಪ್ರತಿ ವರ್ಷ ಬಿತ್ತನೆ ಕೊಳ್ಳಬೇಕಾಗಿಲ್ಲ.

ಇದರ ಬೆಲೆ ಇರುವುದು ಈ ಸಣ್ಣ ಗಾತ್ರದಲ್ಲಿಯೇ. ದೊಡ್ಡ ಮೀನಿನ ತಲೆ, ಕರುಳುಗಳನ್ನು ನಾವು ಬಿಸಾಡುತ್ತೇವೆ. ಮೋಲಾವನ್ನು ಕಣ್ಣು, ಮುಳ್ಳು ಸಮೇತ ತಿನ್ನಬಹುದು. ಇದರ ‘ಎ’ ಜೀವಸತ್ವದ ಬಹುಪಾಲು ಕಣ್ಣು ಮತ್ತು ಒಡಲಿನ ಭಾಗದಲ್ಲಿದೆ. 100 ಗ್ರಾಂ ಹಸಿ ಮೋಲಾದಲ್ಲಿ 2,500 ಮೈಕ್ರೋಗ್ರಾಂ ಮೀರಿ ಈ ಸತ್ವವಿದ್ದರೆ, ಸಾಕಿದ ರೋಹು, ಕಾಟ್ಲಗಳಲ್ಲಿ 50 ಮೈಕ್ರೋಗ್ರಾಂ ಕೂಡ ಇಲ್ಲ. ಮುಳ್ಳಿನಿಂದ ಸುಣ್ಣದಂಶವೂ ದೊರೆಯುತ್ತದೆ. ಇದೇ ಔಷಧಿ ಎಂದು ನಾನು ಹೇಳುತ್ತಿಲ್ಲ. ಸೊಪ್ಪು, ಹಾಲಿನ ಜೊತೆಗೆ ಮಕ್ಕಳ ಊಟಕ್ಕೆ ಒಳ್ಳೆಯ ಸೇರ್ಪಡೆ ಎನ್ನುತ್ತೇನೆ.

ದೊಡ್ಡ ಮೀನಿನ ಮೇವನ್ನು ಇದು ಕಸಿಯುವುದಿಲ್ಲವೇ ಎಂದು ನೀವು ಕೇಳಬಹುದು. ಬಾಂಗ್ಲಾದೇಶದಲ್ಲಿ 1990ರ ದಶಕದ ಕೊನೆಯಲ್ಲಿ ಇವೆರಡನ್ನೂ ಒಂದೇ ಕೊಳದಲ್ಲಿ ಸಾಕಿ ನೋಡಿದಾಗ ದೊಡ್ಡ ಮೀನಿನ ಇಳುವರಿ ಹೇಳಿಕೊಳ್ಳುವಷ್ಟು ಕುಗ್ಗಲಿಲ್ಲ. ಆದರೆ ಸಂಖ್ಯೆ ಮಿತಿಮೀರದಂತೆ ಸಣ್ಣ ಕಣ್ಣಿನ ಬಲೆಯಿಂದ ಆಗಾಗ್ಗೆ ಹಿಡಿಯುತ್ತಿರಬೇಕು.

ಆದುದರಿಂದ ಹಿಂಡಿ ಹಾಕುವ ಬದಲು, ಸಾಧ್ಯವಿದ್ದಲ್ಲಿ, ಬಲೆಯನ್ನು ಮತ್ತೆ ಮತ್ತೆ ಎಳೆದು ಕೊರವ, ಬಾಳೆಗಳನ್ನು ಆರಿಸಿ ತೆಗೆಯಿರಿ. ಹಿಂಡಿ ಅನಿವಾರ್ಯವಾದರೆ ಮೊದಲೇ ಒಂದಿಷ್ಟು ಮೋಲಾಗಳನ್ನು ಬೇರೆ ನೀರಿನಲ್ಲಿ ಕಾಪಾಡಿ, ವಿಷ ಇಳಿದ ಎರಡು ಮೂರು ವಾರಗಳ ಬಳಿಕ ಮರಳಿ ಬಿಡಿ. ಬಲು ನಾಜೂಕಿನ ಮೀನು. ಬೆಳಗಿನ ತಂಪಿನಲ್ಲಿ, ಧಾರಾಳ ನೀರಿನೊಡನೆ ಸಾಗಿಸಿ.

ದೊಡ್ಡ ಮೀನು ಸಂತೆಗೆ ಹೋಗಲಿ, ಹಣ ತರಲಿ. ಮನೆಯ ಮಕ್ಕಳ ತಟ್ಟೆಗೆ ಬರುವುದು ಮಾತ್ರ ಹೆಚ್ಚಾಗಿ ಈ ಬೆರಳುದ್ದದ ಮೀನೇ. ಅದನ್ನು ಕಳೆಯೆಂದು ಕೊಲ್ಲುವ ಮುನ್ನ ಇನ್ನೊಮ್ಮೆ ಯೋಚಿಸಿರಿ.